ಸಭೆಯ (ಚರ್ಚಿನ) ಮಾತು ದೊಡ್ಡದೋ, ಸತ್ಯವೇದದ (ಬೈಬಲಿನ) ಮಾತು ದೊಡ್ಡದೋ? ಪಂಚಮಿ ಉಂಡಿಯ ಡಬ್ಬಿ ಮುಂದಿಟ್ಟುಕೊಂಡು ಕೇಳುತ್ತಿದ್ದೇನೆ

ಕೇಶ್ವಾಪುರದ ಮಗಳು

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಮನೆಯ ವಿಷಯ. ಆದರೆ ಪ್ರಶ್ನೆ ನಮ್ಮ ಮನೆಯದು ಮಾತ್ರ ಅಲ್ಲ ಅನಿಸಿತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿಯ ಹಳೆಯ ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಪ್ರೊಟೆಸ್ಟಂಟ್ ಮಿಷನ್) ಮನೆತನ. ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ನನ್ನ ತಂಗಿ ಮೂರು ವರ್ಷದಿಂದ ಬೇರೊಂದು ಸಭೆಗೆ ಹೋಗುತ್ತಾಳೆ. ಹೆಸರು ಬೇಡ. ಅವಳ ಗಂಡನಿಗೆ ಕೆಲಸ ಹೋದಾಗ ದಿನಾ ಸಂಜೆ ಮನೆಗೆ ಬಂದು ಪ್ರಾರ್ಥನೆ ಮಾಡಿದವರು, ಅಕ್ಕಿ ಬೇಳೆ ತಂದಿಟ್ಟು ಹೋದವರು ಅವರು. ಅದನ್ನು ನಾನು ಮರೆಯುವುದಿಲ್ಲ.

ಕಳೆದ ವಾರ ಪಂಚಮಿ. ಪಕ್ಕದ ಮನೆ ಕಾಕು ಎಂದಿನಂತೆ ಉಂಡಿ ಕಳಿಸಿದರು. ಸ್ಟೀಲ್ ಡಬ್ಬಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬದಿಗೆ ಒಂದಿಷ್ಟು ಅಳ್ಳು. ನಾನು ಹುಟ್ಟುವ ಮೊದಲಿನಿಂದ ಬರುವ ಡಬ್ಬಿ ಅದು. ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಕರ್ಚಿಕಾಯಿ, ಚಕ್ಕುಲಿ ಹೋಗುವುದೂ ಹಾಗೆಯೇ. ಅವತ್ತು ತಂಗಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಸಣ್ಣವನು ಎಳ್ಳುಂಡಿ ಎತ್ತಿಕೊಂಡ. ಅವಳು ಅವನ ಮುಂಗೈ ಹಿಡಿದು, ಬೆರಳು ಒಂದೊಂದಾಗಿ ಬಿಡಿಸಿ, ಉಂಡಿಯನ್ನು ವಾಪಸ್ ಡಬ್ಬಿಗೆ ಹಾಕಿದಳು. ಅವನ ಅಂಗೈಗೆ ಎಳ್ಳು ಅಂಟಿಕೊಂಡಿತ್ತು. ಅದನ್ನೂ ಸೆರಗಿನಿಂದ ಒರೆಸಿದಳು.

"ನಮ್ಮ ಪಾಸ್ಟರ್ ಬೇಡ ಅಂದಿದ್ದಾರೆ" ಅಂದಳು. ನಮ್ಮ ಸಭೆಯ ಪಾದ್ರಿ ಅಯ್ಯನವರು ಬೇಡ ಅನ್ನುವುದಿಲ್ಲವಲ್ಲ ಅಂದೆ. ಅದಕ್ಕೆ ಅವಳು ಹೇಳಿದ್ದು ಇಷ್ಟು: "ನಿಮ್ಮ ಅಯ್ಯನವರು ಸಭೆಯ ಮಾತು ಹೇಳುತ್ತಾರೆ. ನಮ್ಮವರು ವಾಕ್ಯ ಹೇಳುತ್ತಾರೆ."

ವಾಕ್ಯ ಅಂದರೆ ಸತ್ಯವೇದದ ಮಾತು. ಅವಳು ಹೇಳಿದ್ದು ನನ್ನನ್ನು ಬಿಡುತ್ತಿಲ್ಲ. 'ಸತ್ಯವೇದವೇ ಆಧಾರ, ಮನುಷ್ಯರ ಮಾತಲ್ಲ' ಅಂತ ಸಂಡೇ ಸ್ಕೂಲಿನಲ್ಲಿ ಕಲಿತವಳು ನಾನು. ಈಗ ಅದನ್ನೇ ತಂಗಿ ನನಗೆ ತಿರುಗಿಸಿ ಹೇಳುತ್ತಿದ್ದಾಳೆ. ಸತ್ಯವೇದ ಒಂದೇ ಸಾಕು ಅಂದರೆ ಸಭೆ ಯಾಕೆ? ಸಭೆ ಬೇಕು ಅಂದರೆ ಅದರ ಮಾತು ಎಲ್ಲಿಯ ತನಕ ನಡೆಯಬೇಕು? ತಿಳಿದವರು ಹೇಳಿ. ಜಗಳಕ್ಕೆ ಕೇಳುತ್ತಿಲ್ಲ, ನನಗೆ ನಿಜವಾಗಲೂ ತಿಳಿಯಬೇಕಿದೆ.

ಹಳೇ ಹುಬ್ಬಳ್ಳಿ ಹುಡುಗ

ಅಕ್ಕಾ, ನಾನೂ ಅಂಥದ್ದೇ ಸಭೆಯವನು, ಅದಕ್ಕೆ ಮೊದಲು ನಾನೇ ಬರೆಯುತ್ತೇನೆ. ನಿಮ್ಮ ತಂಗಿಯ ಪಾಸ್ಟರ್ ಸುಮ್ನೆ ಹೇಳಿಲ್ಲ. ಅಪೊಸ್ತಲರ ಕೃತ್ಯಗಳು 15:29 ತೆಗೆಯಿರಿ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಬೇಕು ಅಂತ ಯೇಸುವಿನ ಶಿಷ್ಯರಾದ ಅಪೊಸ್ತಲರೇ ಪತ್ರ ಬರೆದಿದ್ದಾರೆ. ಪ್ರಕಟನೆ 2ನೇ ಅಧ್ಯಾಯದಲ್ಲಿ ಕರ್ತನು ಎರಡು ಸಭೆಗಳನ್ನು ಗದರಿಸುವ ಕಾರಣಗಳಲ್ಲಿ ಇದೂ ಒಂದು. ಇದು ಯಾರೋ ಕಟ್ಟಿದ ನಿಯಮ ಅಲ್ಲ.

ಇನ್ನೊಂದು ಹೇಳಬೇಕು. ನಮ್ಮ ಅಪ್ಪ ಜಾತ್ರೆಯಲ್ಲಿ ಕುರಿ ಕೊಡುತ್ತಿದ್ದವರು. ಅದನ್ನೆಲ್ಲ ಬಿಟ್ಟು ಬಂದಾಗ ಅಣ್ಣತಮ್ಮಂದಿರು ಮಾತು ಬಿಟ್ಟರು. ಅಂಥ ಮನೆಗೆ ಈ ವಾಕ್ಯ ಎಷ್ಟು ಭಾರ ಅನ್ನುವುದು ಐದು ತಲೆಮಾರಿನಿಂದ ಕ್ರೈಸ್ತರಾದವರಿಗೆ ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ನಿಮಗೆ ಅದು ಪಕ್ಕದ ಮನೆಯ ಪ್ರೀತಿ. ನಮಗೆ ಅದು ಹಿಂದೆ ಬಿಟ್ಟು ಬಂದ ಬಾಗಿಲು.

ಕೇಶ್ವಾಪುರದ ಮಗಳು

ತಮ್ಮಾ, ನೀನು ಹೇಳಿದ್ದು ಮನಸ್ಸಿಗೆ ತಾಕಿತು. ಆ ಕಡೆಯಿಂದ ನಾನು ಯೋಚಿಸಿರಲಿಲ್ಲ.

ಆದರೆ 1 ಕೊರಿಂಥ 10ನೇ ಅಧ್ಯಾಯ ಏನು ಮಾಡುವುದು? ಅಂಗಡಿಯಲ್ಲಿ ಮಾರುವ ಮಾಂಸವನ್ನು ಏನೂ ವಿಚಾರಿಸದೆ ತಿನ್ನಿ ಅಂತ ಆ ಪತ್ರ ಬರೆದ ಪೌಲ ಹೇಳುತ್ತಾನೆ. ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ತಿನ್ನಿ, ಕೇಳಬೇಡಿ ಅನ್ನುತ್ತಾನೆ. 'ಇದು ಬಲಿಗೆ ಇಟ್ಟದ್ದು' ಅಂತ ಯಾರಾದರೂ ಹೇಳಿದರೆ ಮಾತ್ರ, ಹೇಳಿದವರ ಸಲುವಾಗಿ ಬಿಡಿ ಅನ್ನುತ್ತಾನೆ. ಇದೂ ವಾಕ್ಯವೇ ಅಲ್ವಾ?

ಹಳೇ ಹುಬ್ಬಳ್ಳಿ ಹುಡುಗ

ಹೌದು ಅಕ್ಕಾ, ವಾಕ್ಯವೇ. ಆದರೆ ಅದೇ ಅಧ್ಯಾಯದ 20ನೇ ವಚನವನ್ನೂ ಓದಿ. ಅನ್ಯಜನರು ಅರ್ಪಿಸುವುದು ದೆವ್ವಗಳಿಗೆ, ನೀವು ಅದರಲ್ಲಿ ಪಾಲುಗಾರರಾಗುವುದು ನನಗೆ ಇಷ್ಟವಿಲ್ಲ ಅಂತ ಅಲ್ಲೇ ಇದೆ.

ರಾಣೆಬೆನ್ನೂರಿನ ಕಥೋಲಿಕ

ಇಬ್ಬರ ಮಾತನ್ನೂ ಗಮನವಿಟ್ಟು ಓದಿದೆ. ತಂಗಿಯವರ ಹತ್ತಿರ ವಚನ ಇದೆ, ಅಕ್ಕನವರ ಹತ್ತಿರವೂ ವಚನ ಇದೆ. ಎರಡೂ ಒಂದೇ ಪುಸ್ತಕದವು. ಈಗ ಯಾವುದನ್ನು ಯಾವುದರ ಬೆಳಕಿನಲ್ಲಿ ಓದಬೇಕು ಅಂತ ಹೇಳುವವರು ಯಾರು? ಪುಸ್ತಕ ತಾನಾಗಿ ಬಾಯಿ ಬಿಟ್ಟು ಹೇಳುವುದಿಲ್ಲ. ನಾವು ಕಥೋಲಿಕರು 'ಧರ್ಮಸಭೆ' ಅಂತ ಒತ್ತಿ ಹೇಳುವುದು ಇಲ್ಲಿಯೇ.

ನೀವು ತೆಗೆದ ಆ 15ನೇ ಅಧ್ಯಾಯವನ್ನೇ ನೋಡಿ. (ನಮ್ಮ ಬೈಬಲಿನಲ್ಲಿ ಆ ಪುಸ್ತಕದ ಹೆಸರು 'ಪ್ರೇಷಿತರ ಕಾರ್ಯಕಲಾಪಗಳು'.) ಯೆಹೂದ್ಯರಲ್ಲದವರು ಸುನ್ನತಿ ಮಾಡಿಸಿಕೊಳ್ಳಬೇಕೋ ಬೇಡವೋ ಅನ್ನುವ ದೊಡ್ಡ ಜಗಳ. ಸುಮಾರು ಕ್ರಿ.ಶ. 49ರ ಮಾತು. ಹೊಸ ಒಡಂಬಡಿಕೆ ಅನ್ನುವ ಪುಸ್ತಕವೇ ಆಗ ಇಲ್ಲ. ಇದ್ದ ಹಳೆಯ ಶಾಸ್ತ್ರದಲ್ಲಿ ಸುನ್ನತಿ ಬೇಕೇ ಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ಆದರೂ ಪ್ರೇಷಿತರು, ಹಿರಿಯರು ಯೆರೂಸಲೇಮಿನಲ್ಲಿ ಕೂಡಿ, ವಾದ ಮಾಡಿ, ಬೇಡ ಅಂತ ತೀರ್ಮಾನಿಸಿದರು. ಪತ್ರದಲ್ಲಿ ಬರೆದದ್ದು ಏನು? ಪವಿತ್ರಾತ್ಮರಿಗೂ ನಮಗೂ ಹೀಗೆ ಸರಿ ತೋರಿತು ಅಂತ. ಆ 'ನಮಗೂ' ಅನ್ನುವುದು ಸಣ್ಣ ಮಾತಲ್ಲ. 1 ತಿಮೊಥೇಯ 3:15ರಲ್ಲಿ ಸತ್ಯಕ್ಕೆ ಕಂಬ, ಆಧಾರ ಅಂತ ಕರೆದಿರುವುದು ಸಭೆಯನ್ನು. 2 ಥೆಸಲೋನಿಕದಲ್ಲಿ ಪೌಲ, ನಾನು ಬಾಯಿಂದ ಹೇಳಿಕೊಟ್ಟದ್ದನ್ನೂ ಕಾಗದದಲ್ಲಿ ಬರೆದದ್ದನ್ನೂ ಎರಡನ್ನೂ ಹಿಡಿದುಕೊಳ್ಳಿ ಅನ್ನುತ್ತಾನೆ. ಬಾಯಿಂದ ಬಂದದ್ದು ಎಲ್ಲಿ ಉಳಿಯಿತು? ಸಭೆಯ ಬದುಕಿನಲ್ಲಿ.

ಇತಿಹಾಸದ ಮೇಷ್ಟ್ರು, ಧಾರವಾಡ

ನಿವೃತ್ತ ಮೇಷ್ಟ್ರು ನಾನು, ಸಿಎಸ್‌ಐ ಸಭೆಯವನು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ರಾಣೆಬೆನ್ನೂರಿನವರು ಹೇಳಿದ 15ನೇ ಅಧ್ಯಾಯಕ್ಕೆ ಒಂದು ಮಾತು ಸೇರಿಸುತ್ತೇನೆ. ಆ ಸಭೆಯಲ್ಲಿ ಯೆರೂಸಲೇಮಿನ ಮುಖಂಡ ಯಾಕೋಬ ಎದ್ದು ನಿಂತು ತೀರ್ಪು ಹೇಳುವ ಮುಂಚೆ ಪ್ರವಾದಿ ಆಮೋಸನ ಮಾತು ಎತ್ತುತ್ತಾನೆ. ಅಂದರೆ ಸಭೆ ತನ್ನ ಇಷ್ಟಕ್ಕೆ ತೀರ್ಮಾನಿಸಲಿಲ್ಲ. ಶಾಸ್ತ್ರ ತೆಗೆದು ನೋಡಿತು. ಪೇತ್ರ, ಪೌಲ, ಬಾರ್ನಬರು ಕಣ್ಣಾರೆ ಕಂಡದ್ದನ್ನೂ ಕೇಳಿತು. ಆಮೇಲೆ ಮಾತಾಡಿತು. ನನಗೆ ಈ ಕ್ರಮವೇ ಮುಖ್ಯ.

ಈಗ ಆ ಪತ್ರದ ಕಥೆ. ಅದರಲ್ಲಿ ಬೇಡ ಅಂದದ್ದು ಒಂದಲ್ಲ, ನಾಲ್ಕು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು, ಹಾದರ. ಹುಬ್ಬಳ್ಳಿಯ ತಮ್ಮನನ್ನು ಪ್ರೀತಿಯಿಂದ ಕೇಳುತ್ತೇನೆ. ನಿಮ್ಮ ಸಭೆಯಲ್ಲಿ ರಕ್ತದ ಬಗ್ಗೆ ಯಾವತ್ತಾದರೂ ಪ್ರಸಂಗ ಆಗಿದೆಯಾ? ಮಟನ್ ಅಂಗಡಿಯಲ್ಲಿ ರಕ್ತ ತಂದು ಈರುಳ್ಳಿ ಹಾಕಿ ಹುರಿಯುವ ಕ್ರೈಸ್ತ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೋಳಿಯನ್ನು ಹೇಗೆ ಕೊಂದರು ಅಂತ ಯಾರೂ ಕೇಳುವುದಿಲ್ಲ. ಒಂದೇ ವಚನದಲ್ಲಿ ಇರುವ ನಾಲ್ಕರಲ್ಲಿ ಎರಡನ್ನು ಹಿಡಿದುಕೊಂಡೆವು, ಎರಡನ್ನು ಬಿಟ್ಟೆವು. ಬಿಡಿ ಅಂತ ಹೇಳಿದ್ದು ಯಾರು?

ಇದು ಇವತ್ತು ನಿನ್ನೆಯದಲ್ಲ. ಸುಮಾರು ಕ್ರಿ.ಶ. 400ರ ಹೊತ್ತಿಗೇ ಉತ್ತರ ಆಫ್ರಿಕದ ಬಿಷಪ್ ಆಗಸ್ಟಿನ್ ಬರೆಯುತ್ತಾನೆ, ರಕ್ತ ಹರಿಸದೆ ಕೊಂದ ಮೊಲ ತಿನ್ನಲಾರೆ ಅನ್ನುವವರನ್ನು ಈಗ ಜನ ನೋಡಿ ನಗುತ್ತಾರೆ ಅಂತ. ಪಶ್ಚಿಮದ (ರೋಮಿನ) ಸಭೆ ಅದನ್ನು ಮೆಲ್ಲಗೆ ಬಿಟ್ಟಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಕಾರಣ ಕೊಟ್ಟು ಹೇಳಿತು: ಆ ನಿಯಮ ಯೆಹೂದ್ಯರೂ ಬೇರೆಯವರೂ ಒಂದೇ ಪಂಕ್ತಿಯಲ್ಲಿ ಕೂರಲಿ ಅಂತ ಆ ಕಾಲಕ್ಕೆ ಮಾಡಿದ್ದು, ಆ ಕಾರಣ ಈಗ ಇಲ್ಲ, ನಿಯಮವೂ ಇಲ್ಲ. ಪೂರ್ವದ (ಆರ್ಥೊಡಾಕ್ಸ್) ಸಭೆ ಹಾಗೆ ಮಾಡಲಿಲ್ಲ. 692ರ ಟ್ರುಲ್ಲೋ ಸಭೆಯಲ್ಲಿ ರಕ್ತ ಬೇಡ ಅಂತ ಮತ್ತೆ ಗಟ್ಟಿ ಮಾಡಿತು. ಒಂದೇ ವಾಕ್ಯ, ಎರಡು ಸಭೆ, ಎರಡು ಓದು. ಹಾಗಾಗಿ 'ನಾವು ವಾಕ್ಯ ಮಾತ್ರ, ನೀವು ಸಭೆ' ಅನ್ನುವುದು ನಿಲ್ಲುವುದಿಲ್ಲ. ರಕ್ತ ಬಿಟ್ಟು ಉಂಡಿ ಹಿಡಿದವರೂ ಒಂದು ಸಭೆಯ ಓದನ್ನೇ ಹಿಡಿದಿದ್ದಾರೆ, ತಮಗೆ ಗೊತ್ತಿಲ್ಲದೆ.

ಇನ್ನು ಪುಸ್ತಕಗಳ ಪಟ್ಟಿ. ಹೊಸ ಒಡಂಬಡಿಕೆಯಲ್ಲಿ 27 ಪುಸ್ತಕ ಅಂತ ಆ 27ರಲ್ಲಿ ಯಾವುದರಲ್ಲೂ ಬರೆದಿಲ್ಲ. ಈಗಿನ 27 ಮಾತ್ರ ಇರುವ ಪಟ್ಟಿ ಮೊದಲು ಸಿಗುವುದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಈಸ್ಟರ್ ಸಮಯಕ್ಕೆ ಸಭೆಗಳಿಗೆ ಬರೆದ ಪತ್ರದಲ್ಲಿ. ಆಮೇಲೆ ಉತ್ತರ ಆಫ್ರಿಕದ ಹಿಪ್ಪೋ, ಕಾರ್ಥೇಜ್ ಸಭೆಗಳು 393, 397ರಲ್ಲಿ ಅದನ್ನು ಒಪ್ಪಿದವು. ಅದಕ್ಕೂ ಮುಂಚೆ ಕೆಲವು ಕಡೆ ಪ್ರಕಟನೆ ಪುಸ್ತಕವನ್ನು ಅನುಮಾನದಿಂದ ನೋಡುತ್ತಿದ್ದರು. ಸಿನಾಯ್ ಬೆಟ್ಟದಲ್ಲಿ ಸಿಕ್ಕ 4ನೇ ಶತಮಾನದ ಹಸ್ತಪ್ರತಿಯ ಕೊನೆಗೆ ಬಾರ್ನಬನ ಪತ್ರ, ಹೆರ್ಮನ ದರ್ಶನದ ಪುಸ್ತಕ ಎರಡೂ ಇವೆ. ಅವು ನಮ್ಮ ಬೈಬಲಿನಲ್ಲಿ ಇಲ್ಲ.

ಹಾಗಾದರೆ ಸಭೆಯೇ ಬೈಬಲನ್ನು ಮಾಡಿತಾ? ನಾನು ಹಾಗೆ ಹೇಳಲಾರೆ. ಅಕ್ಕಸಾಲಿಗ ಒರೆಗಲ್ಲಿಗೆ ಹಚ್ಚಿ ಇದು ಬಂಗಾರ ಅನ್ನುತ್ತಾನೆ. ಬಂಗಾರವನ್ನು ಅವನು ಮಾಡುವುದಿಲ್ಲ. ಪೌಲನ ಪತ್ರಗಳನ್ನು ಸಭೆಗಳು ಮುನ್ನೂರು ವರ್ಷ ಕೂಡಿ ಓದಿ, ನಕಲು ಮಾಡಿ, ಕಷ್ಟಕಾಲದಲ್ಲಿ ಬಚ್ಚಿಟ್ಟು ಉಳಿಸಿದವು. ಪಟ್ಟಿ ಬಂದದ್ದು ಅದರ ನಂತರ.

ರಾಣೆಬೆನ್ನೂರಿನ ಕಥೋಲಿಕ

ಮೇಷ್ಟ್ರೇ, ಒರೆಗಲ್ಲಿನ ಮಾತು ಒಪ್ಪಿದೆ. ಆದರೆ ಅಕ್ಕಸಾಲಿಗನ ಕಣ್ಣನ್ನು ನಂಬದಿದ್ದರೆ ನಿಮ್ಮ ಕೈಯಲ್ಲಿರುವುದು ಬಂಗಾರವೋ ಹಿತ್ತಾಳೆಯೋ ಗೊತ್ತಾಗುವುದು ಹೇಗೆ? 27ರ ವಿಷಯದಲ್ಲಿ ಸಭೆಯ ಕಣ್ಣನ್ನು ನಂಬಿದಿರಿ. ಅದೇ ಆಫ್ರಿಕದ ಸಭೆಗಳ ಪಟ್ಟಿಯಲ್ಲಿ ತೊಬೀತ, ಯೂದಿತ, ಮಕ್ಕಬಿಯರ ಪುಸ್ತಕಗಳೂ ಇದ್ದವು. ಅವು ನಮ್ಮ ಬೈಬಲಿನಲ್ಲಿವೆ, ನಿಮ್ಮದರಲ್ಲಿಲ್ಲ. ನಮ್ಮಲ್ಲಿ 73, ನಿಮ್ಮಲ್ಲಿ 66. ಅರ್ಧ ನಂಬಿ ಅರ್ಧ ಬಿಟ್ಟ ಹಾಗೆ ಆಗಲಿಲ್ಲವೇ?

ಇತಿಹಾಸದ ಮೇಷ್ಟ್ರು, ಧಾರವಾಡ

ನ್ಯಾಯವಾದ ಪ್ರಶ್ನೆ. ನಮ್ಮ ಕಡೆಯ ಉತ್ತರ: ಹಳೆಯ ಒಡಂಬಡಿಕೆಗೆ ಯೆಹೂದ್ಯರ ಹೀಬ್ರೂ ಪಟ್ಟಿಯೇ ಅಳತೆ. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಕೂಡ ಅದರ ಕಡೆಗೇ ಒಲಿದಿದ್ದ. ರೋಮಿನ ಕಡೆ 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆ 73ನ್ನು ಕಟ್ಟುನಿಟ್ಟಾಗಿ ಸಾರಿತು. ಆದರೆ ನಮ್ಮ ಉತ್ತರದಿಂದ ನಿಮ್ಮ ಪ್ರಶ್ನೆ ಪೂರ್ತಿ ಮುಗಿಯುವುದಿಲ್ಲ ಅಂತ ನನಗೂ ಗೊತ್ತು. ನಲವತ್ತು ವರ್ಷದಿಂದ ಅದು ನನ್ನ ಜೊತೆ ಇದೆ.

ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಜರ್ಮನಿಯ ಲೂಥರನ ಮಾತು ಬಂದರೆ ಎಲ್ಲರೂ ಅದು ಶುರುವಾದ 1517 ಅನ್ನುತ್ತಾರೆ. ನನಗೆ ಮುಖ್ಯ ಅನಿಸುವುದು 1519. ಲೈಪ್ಜಿಗ್ ಊರಿನಲ್ಲಿ ರೋಮಿನ ಪರ ನಿಂತ ಪಂಡಿತ ಯೋಹಾನ್ ಎಕ್ ಅವನನ್ನು ವಾದದಲ್ಲಿ ಮೂಲೆಗೆ ತಳ್ಳಿದ. ಪೋಪರು ತಪ್ಪಬಹುದು ಅನ್ನುತ್ತೀಯ, ಹಾಗಾದರೆ ಹಿಂದಿನ ಸುಧಾರಕ ಹುಸ್‌ನನ್ನು ಸುಡಿಸಿದ ಕಾನ್‌ಸ್ಟನ್ಸ್ ಮಹಾಸಭೆಯೂ ತಪ್ಪಿತಾ ಅಂತ ಕೇಳಿದ. ಲೂಥರ್ ಕೊನೆಗೆ ಹೌದು, ಮಹಾಸಭೆಗಳೂ ತಪ್ಪಬಹುದು ಅಂದ. ಅಲ್ಲಿಂದ ಹಿಂದಕ್ಕೆ ಹೋಗಲು ದಾರಿ ಉಳಿಯಲಿಲ್ಲ.

ಆದರೆ ಅದೇ ಲೂಥರ್ 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ತಂದಾಗ ಇಬ್ರಿಯ, ಯಾಕೋಬ, ಯೂದ, ಪ್ರಕಟನೆ ಈ ನಾಲ್ಕನ್ನು ಕೊನೆಗೆ ದೂಡಿದ. ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಅಂತ ಕರೆದ. ಆದರೂ ಲೂಥರನ್ ಸಭೆಗಳು ಆ ಪತ್ರವನ್ನು ಬಿಡಲಿಲ್ಲ. ಇವತ್ತಿಗೂ ಓದುತ್ತವೆ. ಅಷ್ಟು ದೊಡ್ಡ ಮನುಷ್ಯನ ಅಭಿಪ್ರಾಯವನ್ನೂ ಸಭೆ ಮೀರಿ ನಿಂತಿತು. ಒಬ್ಬನೇ ಮನುಷ್ಯ, ಒಂದೇ ಬೈಬಲ್ ಸಾಕು ಅನ್ನುವವರು ಇದನ್ನು ಯೋಚಿಸಬೇಕು.

ಬೆಟಗೇರಿ ಮಗ್ಗ

ನಾನು ಓದಿದವನಲ್ಲ. ನೇಕಾರರ ಓಣಿಯವನು, ಜರ್ಮನ್ ದವಾಖಾನೆಯಲ್ಲಿ ಹುಟ್ಟಿದವನು. ಮನೆಯಲ್ಲಿ ಕೇಳಿದ್ದನ್ನು ಹೇಳುತ್ತೇನೆ.

1914ರ ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದುಕೊಂಡು ಹೋಯಿತು. ಪ್ರಸಂಗ ಮಾಡುವವರು, ಲೆಕ್ಕ ನೋಡುವವರು, ಮೇಲಿನಿಂದ ಅಪ್ಪಣೆ ಕೊಡುವವರು ಹೋದರು. ಸಭೆ ಮುಚ್ಚಲಿಲ್ಲ. ಊರಿನ ಹಿರಿಯರು ಸತ್ಯವೇದ ತೆಗೆದು ಓದಿದರು, ಹಾಡಿನ ಪುಸ್ತಕ ತೆಗೆದು ಹಾಡಿದರು. ನಮ್ಮ ಮುತ್ತಜ್ಜ ಮಗ್ಗದ ಕುಣಿಯಲ್ಲಿ ಕೂತು ನೇಯುತ್ತಲೇ ಕೀರ್ತನೆ ಬಾಯಿಪಾಠ ಮಾಡಿಕೊಂಡು ಭಾನುವಾರ ಮುಂದೆ ನಿಂತು ಹೇಳುತ್ತಿದ್ದರಂತೆ.

ಆದರೆ ಅವರೂ ಒಬ್ಬರೇ ಕೂತು ಹೊಸ ಅರ್ಥ ಹೇಳಲಿಲ್ಲ. ಕಲಿತದ್ದನ್ನೇ ಹೇಳಿದರು. ತಪ್ಪಿದರೆ ತಿದ್ದಲು ಪಕ್ಕದಲ್ಲಿ ಇನ್ನಿಬ್ಬರು ಹಿರಿಯರು ಇದ್ದರು.

ಇತಿಹಾಸದ ಮೇಷ್ಟ್ರು, ಧಾರವಾಡ

ಬೆಟಗೇರಿಯವರೇ, ನೀವು ಬರೆದದ್ದು ನನ್ನ ಎಲ್ಲ ಪಾಠಕ್ಕಿಂತ ತೂಕದ್ದು.

ಅದಕ್ಕೆ ಒಂದು ಹೊಂದಿಸಿ ಹೇಳುತ್ತೇನೆ. ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಆ ಪಾದ್ರಿಗಳು ಬೋಧಿಸಿದ್ದು 'ಶಾಸ್ತ್ರವೇ ಆಧಾರ' ಅಂತ. ಆದರೆ ಅವರು ಬದುಕಿದ್ದು ಬಾಸೆಲ್ ಊರಿನ ಕಮಿಟಿಯ ಮಾತಿನಂತೆ. ಮದುವೆಯಾಗಬೇಕಾದರೂ ಕಮಿಟಿಯ ಒಪ್ಪಿಗೆ ಬೇಕಿತ್ತು.

ಕನ್ನಡ ಬೈಬಲ್ ಕೂಡ ಹಾಗೆಯೇ ಹಲವು ಕೈ ದಾಟಿ ಬಂದದ್ದು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲು ಅನುವಾದ ಮಾಡಿದರು. ಆಮೇಲೆ ವೈಗ್ಲೆ ಮತ್ತು ಬೇರೆ ಬಾಸೆಲ್ ಪಾದ್ರಿಗಳು ಕೂತು ತಿದ್ದಿದರು. ಗ್ರೀಕಿನ 'ಎಕ್ಲೇಸಿಯ'ಕ್ಕೆ 'ಸಭೆ' ಅಂತ ನಮ್ಮ ಪುಸ್ತಕದಲ್ಲಿದೆ. ಯಾರೋ ಕೂತು, ಯೋಚಿಸಿ, ಆ ಮಾತು ಆರಿಸಿದ್ದಾರೆ. ನನ್ನ ಮಟ್ಟಿಗೆ ಬಹಳ ಒಳ್ಳೆಯ ಆಯ್ಕೆ. 'ಸಭೆ' ಅಂದರೆ ಕಟ್ಟಡವಲ್ಲ, ಕೂಡಿ ಕೂತ ಜನ.

ಹಾವೇರಿ ಓದುಗ

ನಾನು ಕ್ರೈಸ್ತನಲ್ಲ, ಲಿಂಗಾಯತ. ಓದಿ ಸುಮ್ಮನಿರಲು ಆಗಲಿಲ್ಲ, ಯಾಕೆಂದರೆ ಇದು ನಮ್ಮ ಮನೆಯ ಚರ್ಚೆಯೂ ಹೌದು. ವಚನವೋ ಮಠವೋ ಅಂತ ನಮ್ಮಲ್ಲೂ ಅಪ್ಪ ಮಗ ಮಾತಾಡಿಕೊಳ್ಳುತ್ತೇವೆ. ನಿಮ್ಮ ಧಾರವಾಡದಲ್ಲೇ ಹುಟ್ಟಿದ ಫ.ಗು. ಹಳಕಟ್ಟಿಯವರು ಮನೆ ಮನೆ ಅಲೆದು ತಾಳೆಗರಿ ಕಟ್ಟು ಹುಡುಕದಿದ್ದರೆ ಎಷ್ಟೋ ವಚನ ನಮಗೆ ಸಿಗುತ್ತಿರಲಿಲ್ಲ. ಆ ಕಟ್ಟುಗಳನ್ನು ಅಲ್ಲಿಯ ತನಕ ಕಾಪಾಡಿದ್ದು ಮಠಗಳು, ಮನೆಗಳು. ಆದರೆ ಕಾಪಾಡಿದವರು ಎಲ್ಲರೂ ಓದಿದ್ದರು ಅಂತ ಅಲ್ಲ. ಕೆಲವು ಕಡೆ ಪೂಜೆಗೆ ಇಟ್ಟು ಹೂ ಏರಿಸುತ್ತಿದ್ದರು, ಬಿಚ್ಚುತ್ತಿರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಕಾಪಾಡಿದ ಸಭೆಯೇ ಪುಸ್ತಕದ ಮಾತಿಗೆ ವಿರುದ್ಧ ನಡೆದರೆ, ನಿಮ್ಮಲ್ಲಿ ಸಾಮಾನ್ಯ ಭಕ್ತ ಎದ್ದು ನಿಂತು ಕೇಳಬಹುದಾ?

ಹಳೇ ಹುಬ್ಬಳ್ಳಿ ಹುಡುಗ

ಸರ್, ನಿಮ್ಮ ಪ್ರಶ್ನೆ ನನ್ನೆದೆಗೆ ಬಿತ್ತು. ರಕ್ತದ ವಿಷಯ ಮೇಷ್ಟ್ರು ಹೇಳಿದ್ದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಆ ಬಗ್ಗೆ ಯಾವತ್ತೂ ಪ್ರಸಂಗ ಆಗಿಲ್ಲ.

ಒಂದು ಹೇಳುತ್ತೇನೆ. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ. ಹಳೆಯ ಚರ್ಚೊಂದಕ್ಕೆ ಹೋದಾಗ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದಳು, ಯಾರೂ ಮಾತಾಡಿಸಲಿಲ್ಲ. ಈ ಸಭೆಯಲ್ಲಿ ಒಬ್ಬ ಅಕ್ಕ ಅವಳಿಗೆ ಮಾರ್ಕನ ಸುವಾರ್ತೆ ಇಟ್ಟುಕೊಂಡು ಅ ಆ ಇ ಈ ಕಲಿಸಿದರು. ಐವತ್ತೆರಡನೇ ವಯಸ್ಸಿನಲ್ಲಿ ಅವ್ವ ಬೆರಳಿಟ್ಟು ಓದಿದ ಮೊದಲ ಸಾಲು ಸತ್ಯವೇದದ್ದು. ಅದಕ್ಕೇ ನಮಗೆ 'ವಾಕ್ಯ' ಅಂದರೆ ಅಷ್ಟು ಜೀವ.

ಆದರೆ ಇದೂ ನಿಜ. ನಮ್ಮ ಸಭೆಯಲ್ಲಿ ಪಾಸ್ಟರ್ ಹೇಳಿದ ಅರ್ಥಕ್ಕೆ ಎದುರು ಅರ್ಥ ಕೇಳಿದರೆ 'ಅಭಿಷಿಕ್ತನ ವಿರುದ್ಧ ಮಾತಾಡಬೇಡ' ಅನ್ನುತ್ತಾರೆ. ನಾನು ಒಮ್ಮೆ ಕೇಳಿ ಆರು ವಾರ ಗಿಟಾರ್ ನುಡಿಸದೆ ಹಿಂದೆ ಕೂತಿದ್ದೆ. ಬಿಷಪ್ ಇಲ್ಲ, ಕಮಿಟಿ ಇಲ್ಲ, ವಾಕ್ಯ ಮಾತ್ರ ಅನ್ನುತ್ತೇವೆ. ಹಾಗಿದ್ದಾಗ ಪಾಸ್ಟರ್ ತಪ್ಪಿದರೆ ಯಾರ ಹತ್ತಿರ ಹೋಗುವುದು ಅಂತ ನನಗೆ ಆವತ್ತು ಗೊತ್ತಾಗಲಿಲ್ಲ.

ಕೇಶ್ವಾಪುರದ ಮಗಳು

ತಮ್ಮಾ, ಇದನ್ನು ಬರೆಯಲು ಧೈರ್ಯ ಬೇಕು. ನಿನ್ನ ಅವ್ವನಿಗೆ ನನ್ನ ನಮಸ್ಕಾರ ಹೇಳು. ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಅಂತ ನಮ್ಮಂಥವರು ತಿರುಗಿ ನೋಡಲಿಲ್ಲ. ಅದು ನಮ್ಮ ತಪ್ಪು.

ನಿನ್ನೆ ರಾತ್ರಿ ನಿದ್ದೆ ಬರದೆ ಯೋಹಾನನ ಮೂರನೇ ಪತ್ರ ಓದಿದೆ. ಒಂದು ಪುಟವೂ ಇಲ್ಲ. ಅದರಲ್ಲಿ ದಿಯೊತ್ರೇಫ ಅನ್ನುವವನೊಬ್ಬ ಬರುತ್ತಾನೆ. ಸಭೆಯಲ್ಲಿ ತಾನೇ ಮೊದಲಿಗನಾಗಬೇಕು ಅನ್ನುವವನು. ಯೋಹಾನನ ಮಾತನ್ನೂ ಕೇಳುವುದಿಲ್ಲ, ಬಂದ ಸಹೋದರರನ್ನು ಸೇರಿಸುವುದಿಲ್ಲ, ಸೇರಿಸುವವರನ್ನು ಸಭೆಯಿಂದ ಹೊರಗೆ ಹಾಕುತ್ತಾನೆ. ನೋಡಿ, ಅಪೊಸ್ತಲರು ಇನ್ನೂ ಬದುಕಿದ್ದಾಗಲೇ ಇಂಥವರು ಇದ್ದರು! ಅವನ ಹೆಸರು ಹಿಡಿದು ಬರೆದ ಆ ಸಣ್ಣ ಪತ್ರವನ್ನೂ ಸಭೆ ಬಿಸಾಡಲಿಲ್ಲ. ತನ್ನ ಮುಖಂಡನ ತಪ್ಪು ಹೇಳುವ ಕಾಗದವನ್ನೇ ಶಾಸ್ತ್ರ ಅಂತ ಎತ್ತಿಟ್ಟುಕೊಂಡಿತು. ಗಲಾತ್ಯದ ಪತ್ರವೂ ಹಾಗೆಯೇ ಅಲ್ವಾ? ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಎದುರೆದುರೇ ಖಂಡಿಸಿದ್ದು ಅದರಲ್ಲಿದೆ. ಅದೂ ಊಟದ ವಿಷಯಕ್ಕೇ. ಯಾರ ಜೊತೆ ಕೂತು ಉಣ್ಣಬೇಕು ಅಂತ.

ಹಾವೇರಿಯವರೇ, ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಕೇಳಬಹುದು. ಬೆರೋಯ ಊರಿನವರು ಪೌಲ ಹೇಳಿದ್ದು ನಿಜವಾ ಅಂತ ದಿನಾ ಶಾಸ್ತ್ರ ತೆಗೆದು ನೋಡುತ್ತಿದ್ದರು. ಅದಕ್ಕೆ ಅವರನ್ನು ಹೊಗಳಲಾಗಿದೆ, ಬೈದಿಲ್ಲ.

ಇತಿಹಾಸದ ಮೇಷ್ಟ್ರು, ಧಾರವಾಡ

ಮಗಳೇ, ನಮ್ಮ ಸಭೆಯ ಸಂವಿಧಾನದಲ್ಲೇ ಇದು ಬರೆದಿದೆ, ಆದರೆ ತೆಗೆದು ಓದುವವರು ಕಡಿಮೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥೊಡಿಸ್ಟರು, ದಕ್ಷಿಣ ಭಾರತ ಐಕ್ಯ ಸಭೆಯವರು ಕೂಡಿ ಸಿಎಸ್‌ಐ ಆಯಿತು. ಬಿಷಪ್ ಬೇಕು ಅನ್ನುವವರೂ ಇದ್ದರು, ಬಿಷಪ್ಪೇ ಬೇಡ ಅನ್ನುವವರೂ ಇದ್ದರು. ಅವರೆಲ್ಲ ಒಪ್ಪಿದ ಮಾತು: ಶಾಸ್ತ್ರವೇ ನಂಬಿಕೆಗೆ ಎಲ್ಲಕ್ಕಿಂತ ಮೇಲಿನ, ಕೊನೆಯ ಅಳತೆ. ಸಭೆ ಆ ಶಾಸ್ತ್ರದ ಪ್ರಕಾರ ತನ್ನನ್ನು ತಾನು ತಿದ್ದಿಕೊಳ್ಳಲು ಯಾವಾಗಲೂ ತಯಾರಿರಬೇಕು.

ಬಿಷಪ್, ಸಿನೊಡ್ (ಸಭೆಯ ಮೇಲಿನ ಆಡಳಿತ ಮಂಡಳಿ), ಕಮಿಟಿ ಎಲ್ಲ ಇಟ್ಟುಕೊಂಡೂ ಈ ಸಾಲು ಬರೆದುಕೊಂಡರು. ನಾವು ಅದರ ಹಾಗೆ ಎಷ್ಟು ನಡೆದೆವು ಅನ್ನುವುದು ಬೇರೆ. ಆಸ್ತಿ ತಂಟೆಗೆ ಸಭೆಯವರು ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋವಿನಿಂದಲೇ ಬರೆಯುತ್ತಿದ್ದೇನೆ.

ರಾಣೆಬೆನ್ನೂರಿನ ಕಥೋಲಿಕ

ನಮ್ಮಲ್ಲೂ ಇಂಥದ್ದೇ ಒಂದು ಸಾಲಿದೆ. ಬೇರೆಯವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೇವರ ವಾಕ್ಯದ ಬಗ್ಗೆ ಹೊರಡಿಸಿದ ದಸ್ತಾವೇಜಿನ 10ನೇ ಪರಿಚ್ಛೇದ. ಧರ್ಮಸಭೆಯ ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆಗೆ ಇರುವುದು ಅಂತ ಅಲ್ಲಿ ಸ್ಪಷ್ಟವಾಗಿದೆ. ಶಾಸ್ತ್ರ, ಪರಂಪರೆ, ಬೋಧನಾಧಿಕಾರ ಮೂರೂ ಒಂದನ್ನೊಂದು ಬಿಟ್ಟು ನಿಲ್ಲಲಾರವು ಅಂತಲೂ ಇದೆ.

ನನ್ನ ಅಜ್ಜನ ಕಾಲದಲ್ಲಿ ಪೂಜೆ ಲ್ಯಾಟಿನ್ನಿನಲ್ಲಿ ಆಗುತ್ತಿತ್ತು. ಮನೆಯಲ್ಲಿ ಜಪಮಾಲೆ ಇತ್ತು, ಬೈಬಲ್ ಇರಲಿಲ್ಲ. ಈಗ ನನ್ನ ಮಗಳು ಬಲಿಪೂಜೆಯಲ್ಲಿ ಕನ್ನಡದಲ್ಲಿ ವಾಚನ ಓದುತ್ತಾಳೆ. ಸಾಲು ತಪ್ಪದಿರಲಿ ಅಂತ ಶನಿವಾರ ರಾತ್ರಿ ನಾಲ್ಕು ಸಲ ಓದಿ ತೋರಿಸುತ್ತಾಳೆ. ನನಗೆ ಇದರಷ್ಟು ಸಂತೋಷ ಬೇರೆ ಯಾವುದರಲ್ಲೂ ಇಲ್ಲ. ಆದರೂ ಅರ್ಥ ತಿಳಿಯದಿದ್ದರೆ ಗುರುಗಳನ್ನು ಕೇಳುತ್ತೇನೆ. ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿ ಫಿಲಿಪ್ಪನಿಗೆ ಹೇಳಿದ್ದೂ ಅದನ್ನೇ: ಯಾರಾದರೂ ದಾರಿ ತೋರಿಸದೆ ತಿಳಿಯುವುದು ಹೇಗೆ?

ಕೇಶ್ವಾಪುರದ ಮಗಳು

ಎಲ್ಲರಿಗೂ ಒಂದು ಸುದ್ದಿ ಹೇಳಬೇಕು. ಭಾನುವಾರ ತಂಗಿ ಬಂದಿದ್ದಳು. ಈ ಚರ್ಚೆಯನ್ನು ಅವಳಿಗೆ ಓದಿ ಹೇಳಿದೆ. ನಿನ್ನ ಅವ್ವನ ಮಾತು ಬಂದಾಗ ಅವಳು ಕಣ್ಣು ಒರೆಸಿಕೊಂಡಳು, ತಮ್ಮಾ. ಉಂಡಿಯ ಬಗ್ಗೆ ಏನೂ ಹೇಳಲಿಲ್ಲ.

ಸಂಜೆ ಕಾಕುನ ಡಬ್ಬಿ ವಾಪಸ್ ಕೊಡಲು ಹೊರಟೆ. ಖಾಲಿ ಡಬ್ಬಿ ಕೊಡಬಾರದು ಅಂತ ಸ್ವಲ್ಪ ಸಕ್ಕರೆ ಹಾಕಿದೆ. ತಂಗಿಯೂ ಜೊತೆಗೆ ಬಂದಳು. ಒಳಗೆ ಕೂರಿಸಿದರು, ಚಹಾ ಕೊಟ್ಟರು. ತಂಗಿ ಇದ್ದಕ್ಕಿದ್ದಂತೆ ನೇರವಾಗಿ ಕೇಳಿಯೇಬಿಟ್ಟಳು. "ಕಾಕು, ನಮಗ ಕಳಸೋ ಉಂಡಿ ನಾಗಪ್ಪನ ಎಡಿಗೆ ಇಟ್ಟದ್ದೇನು?"

ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಾಕು ಬೇಜಾರು ಮಾಡಿಕೊಳ್ಳಲಿಲ್ಲ. ಎದ್ದು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೇಲಿನ ಫಳಿ ತೋರಿಸಿದರು. "ಉಂಡಿ ಕಟ್ಟಿದ ಕೂಡಲೇ ಮೊದಲ ನಿಮ್ಮ ಡಬ್ಬಿ ತುಂಬಿ ಅಲ್ಲಿ ಇಟ್ಟುಬಿಡತೀನವ್ವ. ಆಮ್ಯಾಲೆ ಎಡಿ. ನಿಮ್ಮ ಅವ್ವ ಲಗ್ನಾಗಿ ಬಂದ ಮೊದಲನೇ ಪಂಚಮಿಗೇ ಹೇಳಿದ್ಲು" ಅಂದರು.

"ಅವ್ವ ಏನಂತ ಹೇಳಿದ್ಲು?" ತಂಗಿ ಕೇಳಿದಳು.

"'ಎಡಿ ಮುಟ್ಟಿದ್ದು ಬ್ಯಾಡ್ರಿ ಅಕ್ಕಾರ. ಹಂಗಂತ ಕಳಸೋದು ಬಿಡಬ್ಯಾಡ್ರಿ' ಅಂದ್ಲು. ಅಷ್ಟ."

ಅವ್ವ ತೀರಿಕೊಂಡು ಆರು ವರ್ಷವಾಯಿತು. ಈ ಮಾತು ನಮಗೆ ಗೊತ್ತೇ ಇರಲಿಲ್ಲ. ಆ ಡಬ್ಬಿ ಮೊದಲಿನಿಂದಲೂ ಆ ಫಳಿಯ ಮೇಲಿಂದಲೇ ನಮ್ಮ ಮನೆಗೆ ಬಂದಿದೆ.

ಮನೆಗೆ ಬಂದು ತಂಗಿ ಅವ್ವನ ಸತ್ಯವೇದ ಕೇಳಿದಳು. ಕೊರಿಂಥದ ಆ ಪುಟ ತೆಗೆದಳು. ಗೆರೆ ಎಳೆದಿಲ್ಲ, ಗುರುತೇನೂ ಇಲ್ಲ, ಹಾಳೆಯ ಮೂಲೆ ಮಾತ್ರ ಸವೆದು ಮೆತ್ತಗಾಗಿದೆ. ಪಾಸ್ಟರ್ ಜೊತೆ ಕೂತು ಇಡೀ ಅಧ್ಯಾಯ ಓದುತ್ತೇನೆ ಅಂತ ಪುಸ್ತಕ ತೆಗೆದುಕೊಂಡು ಹೋದಳು. ಶನಿವಾರ ವಾಪಸ್ ತರುತ್ತಾಳಂತೆ. ಉಳಿದಿದ್ದ ಎಳ್ಳುಂಡಿಯಲ್ಲಿ ಮೂರನ್ನು ಪೇಪರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಹಳೇ ಹುಬ್ಬಳ್ಳಿ ಹುಡುಗ

ಅಕ್ಕಾ, ಪಾಸ್ಟರ್ ಏನಂದರು ಅಂತ ದಯವಿಟ್ಟು ಇಲ್ಲಿ ಬರೆಯಿರಿ. ನಾನು ಕಾಯುತ್ತೇನೆ. ಇನ್ನೊಂದು ಕೇಳಲಾ? ನಿಮ್ಮ ಅವ್ವ ಇದನ್ನು ನಿಮ್ಮಿಬ್ಬರಿಗೂ ಯಾಕೆ ಹೇಳಿರಲಿಲ್ಲ?

ಕೇಶ್ವಾಪುರದ ಮಗಳು

ಬರೆಯುತ್ತೇನೆ ತಮ್ಮಾ. ದಾರಿಯಲ್ಲಿ ತಂಗಿಯೂ ಅದನ್ನೇ ಕೇಳಿದಳು. ನಾವು ಯಾವತ್ತೂ ಅವ್ವನನ್ನು ಕೇಳಿರಲಿಲ್ಲ.